ಎಂಜಿನ್ ನಿಲ್ಲಿಸಿ ಕಾಯೋಣ: ಡಾಲ್ಫಿನ್ ನೋಡಲು ಹೊರಟ ಕೊಡಗಿನವರಿಗೆ

(ಮಡಿಕೇರಿಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಕೊನೆಯಲ್ಲಿ ಸಭೆಯಲ್ಲಿದ್ದವರು ಕೇಳಿದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಕಡಲೇ ಇಲ್ಲದ ಜಿಲ್ಲೆಯಲ್ಲಿ ಡಾಲ್ಫಿನ್ ಬಗ್ಗೆ ಕೇಳಲು ಇಷ್ಟು ಜನ ಬಂದಿದ್ದೀರಿ. ಕಾರಣ ನನಗೆ ಗೊತ್ತು. ಹುತ್ತರಿ ಮುಗಿಯುತ್ತಿದ್ದ ಹಾಗೆ ನಮ್ಮವರಿಗೆ ಕಡಲು ನೆನಪಾಗುತ್ತದೆ. ಅರೇಬಿಕಾ ಕೊಯ್ಲಿಗೂ ರೋಬಸ್ಟಾ ಕೊಯ್ಲಿಗೂ ನಡುವೆ ನಾಲ್ಕು ದಿನ ಬಿಡುವು ಸಿಕ್ಕರೆ ಸಾಕು, ಮುರುಡೇಶ್ವರ, ಕಾರವಾರ, ಗೋವಾ ಅಂತ ಒಂದು ಸುತ್ತು ಹೊರಡುತ್ತೇವೆ. ಅಲ್ಲಿ ದಡದಲ್ಲಿ ದೋಣಿಯವರು ಕರೆಯುತ್ತಾರೆ. "ಬನ್ನಿ, ಡಾಲ್ಫಿನ್ ತೋರಿಸ್ತೀವಿ." ಮಕ್ಕಳು ಹಟ ಹಿಡಿಯುತ್ತಾರೆ. ನಾವು ಹತ್ತಿ ಕೂರುತ್ತೇವೆ.

ಆ ಒಂದು ಗಂಟೆಯ ದೋಣಿ ಪ್ರಯಾಣದ ಬಗ್ಗೆಯೇ ಇವತ್ತಿನ ಮಾತು. ಯಾವ ದೋಣಿ ಹತ್ತಬೇಕು ಅಂತ ಜನ ನನ್ನನ್ನು ಕೇಳುತ್ತಿರುತ್ತಾರೆ. ಎಂಜಿನ್ ನಿಲ್ಲಿಸಿ ಕಾಯುವ ತಾಳ್ಮೆ ಇರುವವನ ದೋಣಿ ಹತ್ತಿ ಅನ್ನುತ್ತೇನೆ. ಯಾಕೆ ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮೊದಲು ನಮ್ಮ ಮಳೆಯಿಂದ ಶುರು ಮಾಡೋಣ. ಕೊಡಗಿನ ನೀರು ಅಂದ ತಕ್ಷಣ ಕಾವೇರಿ ನೆನಪಾಗುತ್ತಾಳೆ. ತಲಕಾವೇರಿಯಲ್ಲಿ ಹುಟ್ಟಿ, ಪೂರ್ವಕ್ಕೆ ಹರಿದು, ಪೂಂಪುಹಾರ್ ಹತ್ತಿರ ಬಂಗಾಳ ಕೊಲ್ಲಿ ಸೇರುತ್ತಾಳೆ. ಆದರೆ ನಮ್ಮ ಪಶ್ಚಿಮದ ಇಳಿಜಾರಿನ ಮಳೆ ಆ ಕಡೆ ಹೋಗುವುದಿಲ್ಲ. ಸಂಪಾಜೆ ಘಾಟಿಯ ನೀರು ಪಯಸ್ವಿನಿಯಾಗಿ ಸುಳ್ಯದ ಮೇಲೆ ಹಾದು, ಚಂದ್ರಗಿರಿ ಅನ್ನಿಸಿಕೊಂಡು ಕಾಸರಗೋಡಿನಲ್ಲಿ ಅರಬ್ಬೀ ಸಮುದ್ರ ಸೇರುತ್ತದೆ. ಪುಷ್ಪಗಿರಿ ಕಡೆಯ ನೀರು ಕುಮಾರಧಾರೆಯಲ್ಲಿ ಇಳಿದು, ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡಿ ಮಂಗಳೂರಿಗೆ ಹೋಗುತ್ತದೆ. ದಕ್ಷಿಣ ಕೊಡಗಿನ ಬರಪೊಳೆ ಕಣ್ಣೂರಿನ ವಳಪಟ್ಟಣಂ ನದಿಗೆ ಸೇರುತ್ತದೆ. ಇವು ಕಡಲು ಕೂಡುವ ಜಾಗಕ್ಕೆ ಕರಾವಳಿಯವರು ಅಳಿವೆ ಅನ್ನುತ್ತಾರೆ. ಸಿಹಿನೀರು, ಉಪ್ಪುನೀರು ಬೆರೆಯುವ ಜಾಗ. ಮೀನಿನ ಮರಿಗಳು ಬೆಳೆಯುವ ಜಾಗ. ನಾವು ನೋಡಲು ಹೊರಟ ಡಾಲ್ಫಿನ್ ಹೊಟ್ಟೆ ತುಂಬಿಸಿಕೊಳ್ಳುವುದು ಇಂಥ ಅಳಿವೆಗಳ ಸುತ್ತಮುತ್ತಲೇ. ಹಾಗಾಗಿ ಇದು ದೂರದವರ ವಿಷಯ ಅಂತ ನನಗೆ ಯಾವತ್ತೂ ಅನ್ನಿಸಿಲ್ಲ.

ಕರ್ನಾಟಕದ ದಡದ ಹತ್ತಿರ ಜಾಸ್ತಿ ಕಾಣುವುದು ಗೂನು ಬೆನ್ನಿನ ಡಾಲ್ಫಿನ್. ವಿಜ್ಞಾನದಲ್ಲಿ ಇದರ ಹೆಸರು ಸೌಸಾ ಪ್ಲಂಬಿಯಾ. ಫ್ರಾನ್ಸಿನ ವಿಜ್ಞಾನಿ ಕ್ಯುವಿಯೆ ಇದನ್ನು 1829ರಲ್ಲಿ ವರ್ಣಿಸಿದ. ಅವನ ಕೈಗೆ ಸಿಕ್ಕಿದ್ದ ಮಾದರಿ ಮಲಬಾರ್ ತೀರದ್ದು, ಅಂದರೆ ನಮ್ಮ ನೆರೆಯದ್ದೇ. ಎಂಟು ಒಂಬತ್ತು ಅಡಿ ಉದ್ದ. ಬೂದು ಬಣ್ಣ. ಉದ್ದನೆಯ ಮೂತಿ. ಬೆನ್ನ ಮೇಲೆ ಒಂದು ದಿಬ್ಬ, ಅದರ ಮೇಲೆ ಚಿಕ್ಕ ರೆಕ್ಕೆ. ದಕ್ಷಿಣ ಆಫ್ರಿಕಾದಿಂದ ಭಾರತದವರೆಗೆ ಇದೆಯಾದರೂ ಇದರ ಪ್ರಪಂಚ ಬಹಳ ಕಿರಿದು. ಹೆಚ್ಚಾಗಿ 25 ಮೀಟರ್‌ಗಿಂತ ಕಡಿಮೆ ಆಳದ ನೀರು, ದಡಕ್ಕೆ ಅಂಟಿಕೊಂಡ ಒಂದು ಪಟ್ಟಿ, ಅಷ್ಟೇ. ಆ ಪಟ್ಟಿಯಲ್ಲೇ ನಮ್ಮ ಬಂದರು, ನಮ್ಮ ಬಲೆ, ನಮ್ಮ ಚರಂಡಿ ನೀರು, ನಮ್ಮ ಪ್ರವಾಸದ ದೋಣಿ ಎಲ್ಲವೂ ಇವೆ. ಆಳ ಕಡಲಿಗೆ ಹೋಗಿ ತಪ್ಪಿಸಿಕೊಳ್ಳುವ ಅಭ್ಯಾಸ ಇದಕ್ಕಿಲ್ಲ. 2017ರಲ್ಲಿ ಐಯುಸಿಎನ್ ಅನ್ನುವ ಅಂತರರಾಷ್ಟ್ರೀಯ ಸಂರಕ್ಷಣಾ ಸಂಸ್ಥೆ ಇದನ್ನು ಅಳಿವಿನ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿತು.

ಮರಿ ಹಾಕುವುದೂ ನಿಧಾನ. ಹತ್ತು ಹನ್ನೆರಡು ತಿಂಗಳು ಗರ್ಭ, ಒಂದು ಸಲಕ್ಕೆ ಒಂದೇ ಮರಿ, ಮುಂದಿನದಕ್ಕೆ ಸುಮಾರು ಮೂರು ವರ್ಷ. ಒಂದು ತಾಯಿ ಬಲೆಯಲ್ಲಿ ಸತ್ತರೆ ಆ ಗುಂಪಿಗೆ ಅದು ಬಹಳ ದೊಡ್ಡ ಪೆಟ್ಟು.

ಡಾಲ್ಫಿನ್ ಮೀನಲ್ಲ ಅನ್ನುವುದು ನಿಮಗೆ ಗೊತ್ತಿದೆ. ಮೀನಿನ ಬಾಲ ಎಡಬಲಕ್ಕೆ ಆಡುತ್ತದೆ, ಇದರ ಬಾಲ ಮೇಲೆ ಕೆಳಗೆ ಆಡುತ್ತದೆ. ನೆಲದ ಮೇಲೆ ಓಡುವ ಸಸ್ತನಿಯ ಬೆನ್ನುಮೂಳೆ ಬಾಗುವುದೂ ಮೇಲೆ ಕೆಳಗೆ ತಾನೆ. ಇದರ ಪೂರ್ವಜರು ನೆಲದ ಮೇಲೆ ಓಡಾಡಿದವರೇ. ಈ ಕಥೆಯ ಒಂದು ಮುಖ್ಯ ಸಾಕ್ಷಿ ಸಿಕ್ಕಿದ್ದು ಭಾರತದಲ್ಲಿ ಅನ್ನುವುದು ನನಗೆ ತುಂಬಾ ಇಷ್ಟದ ವಿಷಯ. ಕಾಶ್ಮೀರದ ಕಾಲಕೋಟ್ ಹತ್ತಿರ ಭೂವಿಜ್ಞಾನಿ ಎ. ರಂಗರಾವ್ ಕಲ್ಲುಗಳನ್ನು ಕೂಡಿಸಿಟ್ಟಿದ್ದರು. ಆ ಕಲ್ಲುಗಳೊಳಗಿನ ಮೂಳೆಗಳನ್ನು ಬಿಡಿಸಿ ನೋಡಿದ ಹಾನ್ಸ್ ತೆವಿಸ್ಸನ್ ಮತ್ತು ಅವರ ತಂಡ 2007ರಲ್ಲಿ ಒಂದು ಪುಟ್ಟ ಗೊರಸಿನ ಪ್ರಾಣಿಯ ವಿವರ ಪ್ರಕಟಿಸಿತು. ಹೆಸರು ಇಂಡೋಹಯಸ್. ಸುಮಾರು 4 ಕೋಟಿ 80 ಲಕ್ಷ ವರ್ಷ ಹಿಂದಿನದು. ನಮ್ಮ ಕಾಡಿನಲ್ಲಿ ಮೌಸ್ ಡಿಯರ್ ಇದೆಯಲ್ಲ, ನೋಡಲು ಹೆಚ್ಚು ಕಡಿಮೆ ಅದೇ ಗಾತ್ರ, ಅದೇ ಆಕಾರ. ಅದರ ಕಿವಿಯ ಮೂಳೆ ಮಾತ್ರ ತಿಮಿಂಗಿಲಗಳ ಕಿವಿಯ ಮೂಳೆಯನ್ನು ಹೋಲುತ್ತಿತ್ತು. ಡಾಲ್ಫಿನ್ ಕೂಡ ತಿಮಿಂಗಿಲಗಳ ಬಳಗದ್ದೇ. ಆ ಬಳಗವನ್ನು ಬಿಟ್ಟರೆ, ಇವತ್ತು ಬದುಕಿರುವ ಪ್ರಾಣಿಗಳಲ್ಲಿ ಡಾಲ್ಫಿನ್‌ಗೆ ಹತ್ತಿರದ ನೆಂಟ ನೀರಾನೆ.

ಕಿವಿಯ ಮಾತು ಬಂದಿದ್ದು ಒಳ್ಳೆಯದೇ ಆಯಿತು. ನನ್ನ ವಾದವೆಲ್ಲ ನಿಂತಿರುವುದು ಅದರ ಮೇಲೆ.

ಅಳಿವೆಯ ನೀರನ್ನು ಹತ್ತಿರದಿಂದ ನೋಡಿ. ಮಣ್ಣು ಬೆರೆತ, ಕಲಕಿದ ನೀರು. ಕೈ ಮುಳುಗಿಸಿದರೆ ಬೆರಳು ಕಾಣುವುದಿಲ್ಲ. ಅಂಥ ನೀರಲ್ಲಿ ಡಾಲ್ಫಿನ್‌ಗೆ ಕಣ್ಣಿಂದ ಹೆಚ್ಚು ಪ್ರಯೋಜನವಿಲ್ಲ. ಅದು ಮೂಗಿನ ಒಳದಾರಿಯಲ್ಲಿ ಚಟಚಟ ಅನ್ನುವ ಸದ್ದು ಹುಟ್ಟಿಸುತ್ತದೆ. ಹಣೆಯ ಕೊಬ್ಬಿನ ಗಡ್ಡೆ ಆ ಸದ್ದನ್ನು ಒಂದೆಡೆಗೆ ಗುರಿಯಿಟ್ಟು ಕಳಿಸುತ್ತದೆ. ಮೀನಿಗೆ ಬಡಿದು ವಾಪಸ್ ಬಂದ ಸದ್ದನ್ನು ಕೆಳದವಡೆ ಹಿಡಿದು ಒಳಕಿವಿಗೆ ಮುಟ್ಟಿಸುತ್ತದೆ. ಮೀನು ಎಲ್ಲಿದೆ, ಎಷ್ಟು ದೊಡ್ಡದು, ಯಾವ ಕಡೆ ಓಡುತ್ತಿದೆ, ಎಲ್ಲವೂ ಹೀಗೇ ಗೊತ್ತಾಗಬೇಕು. ಗುಂಪಿನವರು ಒಬ್ಬರನ್ನೊಬ್ಬರು ಕರೆಯುವುದೂ ಸದ್ದಿನಿಂದಲೇ. ಮರಿ ತಾಯಿಯನ್ನು ಹುಡುಕುವುದೂ ಹಾಗೇ.

ನೀರಲ್ಲಿ ಸದ್ದು ಸೆಕೆಂಡಿಗೆ ಸುಮಾರು 1,500 ಮೀಟರ್ ಓಡುತ್ತದೆ. ಗಾಳಿಯಲ್ಲಿ ಓಡುವುದಕ್ಕಿಂತ ನಾಲ್ಕು ಪಟ್ಟು ಜಾಸ್ತಿ. ಈಗ ಆ ನೀರಿಗೆ ಒಂದು ಔಟ್‌ಬೋರ್ಡ್ ಎಂಜಿನ್, ಅಂದರೆ ದೋಣಿಯ ಹಿಂಬದಿಗೆ ಸಿಗಿಸುವ ಎಂಜಿನ್ ಇಳಿಸಿ. ಫ್ಯಾನ್ ಜೋರಾಗಿ ತಿರುಗಿದಾಗ ಅದರ ಸುತ್ತ ಗುಳ್ಳೆಗಳು ಹುಟ್ಟಿ ಒಡೆಯುತ್ತವೆ. ನಮಗೆ ದೋಣಿಯ ಮೇಲೆ ಕೇಳುವುದಕ್ಕಿಂತ ಕೆಳಗೆ ಗದ್ದಲ ಬಹಳ. ಒಂದಲ್ಲ, ನಾಲ್ಕು ದೋಣಿ ಸುತ್ತುವರಿದರೆ? ಊಟ ಹುಡುಕುವ ದಾರಿ, ಮರಿಯ ಕರೆ ಕೇಳುವ ದಾರಿ, ಎರಡೂ ಒಟ್ಟಿಗೇ ಮುಚ್ಚಿಹೋದ ಹಾಗೆ. ಜೊತೆಗೆ ಅದು ಉಸಿರಿಗೆ ಮೇಲೆ ಬರಲೇಬೇಕು. ಮೇಲೆ ಬಂದ ಜಾಗದಲ್ಲೆಲ್ಲ ದೋಣಿ ನುಗ್ಗಿದರೆ ಪೂರ್ತಿ ಉಸಿರೂ ತೆಗೆದುಕೊಳ್ಳದೆ ಮುಳುಗುತ್ತದೆ. ನಿದ್ದೆಯ ಕಥೆಯೂ ಹಾಗೇ. ಡಾಲ್ಫಿನ್ ಮಿದುಳಿನ ಅರ್ಧ ಭಾಗ ಮಲಗಿದಾಗ ಇನ್ನರ್ಧ ಎಚ್ಚರವಿದ್ದು ಉಸಿರಾಟ ನೋಡಿಕೊಳ್ಳುತ್ತದೆ. ನಿಧಾನವಾಗಿ ಒಟ್ಟಾಗಿ ತೇಲುತ್ತಿರುವ ಗುಂಪು ಎಷ್ಟೋ ಸಲ ವಿಶ್ರಾಂತಿಯಲ್ಲಿರುತ್ತದೆ. ನಮಗೆ ಅದು "ಹತ್ತಿರ ಹೋಗಲು ಒಳ್ಳೆ ಅವಕಾಶ" ಅನ್ನಿಸುತ್ತದೆ.

ಗೋವಾ ಕಡೆ ಒಂದು ಬೋರ್ಡ್ ನೋಡಿರುತ್ತೀರಿ. ಡಾಲ್ಫಿನ್ ಕಾಣದಿದ್ದರೆ ದುಡ್ಡು ಬೇಡ ಅಂತ. ಗಿರಾಕಿಗೆ ಅದು ನ್ಯಾಯದ ಮಾತು ಅನ್ನಿಸುತ್ತದೆ. ನನ್ನ ಪ್ರಕಾರ ಈ ಪ್ರಯಾಣದಲ್ಲಿ ಅತಿ ಹೆಚ್ಚು ಹಾನಿ ಮಾಡುವುದು ಆ ಬೋರ್ಡೇ. ಡಾಲ್ಫಿನ್ ತೋರಿಸಲೇಬೇಕು, ಇಲ್ಲದಿದ್ದರೆ ಡೀಸೆಲ್ ಖರ್ಚೂ ಹುಟ್ಟುವುದಿಲ್ಲ ಅಂದಮೇಲೆ ಆ ಮನುಷ್ಯ ಏನು ಮಾಡಬೇಕು? ಅಟ್ಟಿಸಿಕೊಂಡು ಹೋಗುತ್ತಾನೆ. ಒಬ್ಬನಿಗೆ ಕಂಡದ್ದನ್ನು ಫೋನಿನಲ್ಲಿ ಎಲ್ಲರಿಗೂ ಹೇಳುತ್ತಾನೆ. ಹತ್ತು ದೋಣಿ ಒಂದೇ ಗುಂಪಿನ ಮೇಲೆ ಬೀಳುತ್ತವೆ. ತಪ್ಪು ಅವನೊಬ್ಬನದಲ್ಲ, ಆ ಒಪ್ಪಂದದ್ದು. ಅದಕ್ಕೇ ಹೇಳುವುದು, ದೋಣಿಗೆ, ಸಮಯಕ್ಕೆ, ಅವರ ಅನುಭವಕ್ಕೆ ದುಡ್ಡು ಕೊಡಿ. ಹತ್ತುವ ಮುಂಚೆ ಬಾಯಿಬಿಟ್ಟು ಹೇಳಿ: "ಅಣ್ಣಾ, ಕಂಡರೂ ಕಾಣದಿದ್ದರೂ ಪೂರ್ತಿ ಕೊಡ್ತೀವಿ. ಅಟ್ಟಿಸಿಕೊಂಡು ಹೋಗೋದು ಬೇಡ." ಈ ಮಾತು ಕೇಳಿದ ಮೇಲೆ ದೋಣಿಯವರ ಮುಖ ಸಡಿಲವಾಗುವುದನ್ನು ನಾನು ನೋಡಿದ್ದೇನೆ. ಅವರಿಗೂ ಈ ಓಟ ಬೇಕಿಲ್ಲ.

ಇದೆಲ್ಲ ನಮಗೆ ಹೊಸ ಪಾಠವೇನಲ್ಲ. ತಿತಿಮತಿ ರಸ್ತೆಯಲ್ಲಿ ಆನೆ ಎದುರಾದರೆ ಏನು ಮಾಡುತ್ತೇವೆ? ಗಾಡಿ ದೂರದಲ್ಲೇ ನಿಲ್ಲಿಸುತ್ತೇವೆ. ಹಾರ್ನ್ ಹೊಡೆಯುವುದಿಲ್ಲ. ಮರಿ ಇದ್ದರೆ ಇನ್ನಷ್ಟು ಹಿಂದೆ ಸರಿಯುತ್ತೇವೆ. ಅದು ದಾಟಿ ತೋಟದೊಳಗೆ ಇಳಿಯುವವರೆಗೆ ಸುಮ್ನೆ ಕೂರುತ್ತೇವೆ. ಹೊರಗಿಂದ ಬಂದವರು ಇಳಿದು ಸೆಲ್ಫಿಗೆ ಹೋದರೆ ನಮಗೆ ಎಷ್ಟು ಸಿಟ್ಟು ಬರುತ್ತದೆ! ಕಡಲಿನಲ್ಲಿ ಹೊರಗಿಂದ ಬಂದವರು ನಾವು. ಅಲ್ಲಿಯ ನಡವಳಿಕೆಯೂ ಇದೇ ಇರಲಿ.

ಇನ್ನು ಪ್ರಯಾಣದ ವಿಷಯ. ನನಗೆ ಇಷ್ಟವಾದ ಜಾಗ ಕಾರವಾರದ ಕಾಳಿ ನದಿಯ ಅಳಿವೆ. ಒಂದು ಕಡೆ ಸದಾಶಿವಗಡದ ಗುಡ್ಡ, ಆಚೆ ದೇವಬಾಗ್‌ನ ಗಾಳಿಮರದ ತೋಪು, ಎದುರಿಗೆ ಕೂರ್ಮಗಡ, ಇನ್ನೂ ಆಚೆ ದೀಪಸ್ತಂಭವಿರುವ ದ್ವೀಪ. ನವೆಂಬರ್‌ನಿಂದ ಫೆಬ್ರವರಿವರೆಗೆ ಬೆಳಗಿನ ಹೊತ್ತು ಒಳ್ಳೆಯದು. ಹೊತ್ತು ಏರಿದ ಹಾಗೆ ನೆಲ ಕಾದು ಕಡಲ ಕಡೆಯಿಂದ ಗಾಳಿ ಏಳುತ್ತದೆ, ಅಲೆಯ ತುದಿ ಬೆಳ್ಳಗೆ ಒಡೆಯುತ್ತದೆ. ಆಮೇಲೆ ಪ್ರತಿ ಅಲೆಯೂ ಡಾಲ್ಫಿನ್ ಬೆನ್ನೇ ಅನ್ನಿಸಿ ಕಣ್ಣು ಸೋಲುತ್ತದೆ. ಹಾಗಾಗಿ ಬಿಸಿಲು ಬಲಿಯುವ ಮುಂಚೆ ಹೊರಡಿ.

ದೋಣಿ ನಡೆಸುವವರನ್ನು ಆ ಕಡೆ ತಾಂಡೇಲ ಅನ್ನುತ್ತಾರೆ. ನನ್ನ ಅಕ್ಕನ ಮಗಳ ಜೊತೆ ಹೋಗಿದ್ದಾಗ ಸಿಕ್ಕವರು ವಯಸ್ಸಾದವರು, ಮೀನುಗಾರಿಕೆಯಲ್ಲೇ ತಲೆ ನೆರೆತವರು. ಅವರು ನೀರು ನೋಡುತ್ತಲೇ ಇರಲಿಲ್ಲ. ಹಕ್ಕಿ ನೋಡುತ್ತಿದ್ದರು. ರೀವ (ಟರ್ನ್) ಹಕ್ಕಿಗಳು ಒಂದೇ ಕಡೆ ಮೇಲಿಂದ ಮೇಲೆ ನೀರಿಗೆ ಬೀಳುತ್ತಿದ್ದರೆ ಕೆಳಗೆ ಮೀನಿನ ಹಿಂಡಿದೆ ಎಂದರ್ಥ. ಮೀನಿದ್ದಲ್ಲಿ ಡಾಲ್ಫಿನ್ ಬರಬಹುದು. ಅದರಿಂದ ಸಾಕಷ್ಟು ದೂರದಲ್ಲಿ ಎಂಜಿನ್ ಆಫ್ ಮಾಡಿ ಬೀಡಿ ಹಚ್ಚಿದರು. ಹುಡುಗಿಗೆ ಚಡಪಡಿಕೆ. "ಮಾವ, ಮುಂದೆ ಹೋಗೋಕೆ ಹೇಳಿ" ಅಂತ ನನ್ನ ತೋಳು ಎಳೆಯುತ್ತಿದ್ದಳು. ಮೊದಲು ಬಂದಿದ್ದು ಸದ್ದು. ಫುಸ್ ಅಂತ ಉಸಿರು ಬಿಟ್ಟ ಸದ್ದು, ನಾವು ನೋಡುತ್ತಿದ್ದ ದಿಕ್ಕಿನಿಂದಲ್ಲ, ಬೆನ್ನ ಹಿಂದಿನಿಂದ. ತಿರುಗುವಷ್ಟರಲ್ಲಿ ಓರೆಯಾಗಿ ಮೂತಿ, ಆಮೇಲೆ ಗೂನು, ಆಮೇಲೆ ಬಾಗಿದ ಬೆನ್ನು. ಅದರ ಪಕ್ಕಕ್ಕೆ ಅಂಟಿಕೊಂಡು ಇನ್ನೊಂದು, ಚಿಕ್ಕದು. ಎಂಜಿನ್ ಓಡುತ್ತಿದ್ದರೆ ಆ ಉಸಿರಿನ ಸದ್ದು ನಮಗೆ ಕೇಳುತ್ತಲೇ ಇರಲಿಲ್ಲ.

ಒಂದು ಮಾತು ಮಕ್ಕಳಿಗೆ ಮೊದಲೇ ಹೇಳಿಡಿ. ಟಿವಿಯಲ್ಲಿ ನೋಡಿದ ಹಾಗೆ ಸಾಲಾಗಿ ಜಿಗಿದು ಗಿರಕಿ ಹೊಡೆಯುವ ಡಾಲ್ಫಿನ್ ಬೇರೆ ಜಾತಿಯದು. ಸ್ಪಿನ್ನರ್ ಅಂತ, ಲಕ್ಷದ್ವೀಪದ ಕಡೆ, ಆಳ ನೀರಲ್ಲಿ. ನಮ್ಮ ಗೂನು ಬೆನ್ನಿನವಕ್ಕೆ ನಾಚಿಕೆ ಸ್ವಭಾವ. ದೋಣಿಯ ಮುಂದೆ ಮುಂದೆ ಈಜುವ ಆಟ ಇವು ಆಡುವುದು ಅಪರೂಪ. ಎರಡು ಮೂರು ಸಲ ಉಸಿರಿಗೆ ಮೇಲೆ ಬಂದು, ಆಮೇಲೆ ಕೆಲವು ನಿಮಿಷ ಕಾಣೆಯಾಗಿ, ಇನ್ನೆಲ್ಲೋ ಏಳುತ್ತವೆ. ಬೆನ್ನ ಮೇಲೆ ರೆಕ್ಕೆಯೇ ಇಲ್ಲದ, ನುಣುಪಾದ ಚಿಕ್ಕ ಪ್ರಾಣಿ ಕಂಡರೆ ಅದು ಡಾಲ್ಫಿನ್ ಅಲ್ಲ, ಫಿನ್‌ಲೆಸ್ ಪಾರ್ಪಾಯಿಸ್. ಅದು ಕಂಡರೆ ನಿಮ್ಮ ಅದೃಷ್ಟ ದೊಡ್ಡದು.

ಹತ್ತಿರ ಎಂದರೆ ಎಷ್ಟು ಹತ್ತಿರ? ಆಸ್ಟ್ರೇಲಿಯಾದಲ್ಲಿ ದೋಣಿಗಳು ಡಾಲ್ಫಿನ್‌ಗೆ 50 ಮೀಟರ್‌ಗಿಂತ ಹತ್ತಿರ ಹೋಗಬಾರದು. ನಾವೂ ಅದನ್ನೇ ಇಟ್ಟುಕೊಳ್ಳೋಣ. ನೇರ ಎದುರಿನಿಂದಾಗಲಿ, ನೇರ ಹಿಂದಿನಿಂದಾಗಲಿ ಹೋಗುವುದು ಬೇಡ. ಪಕ್ಕದಲ್ಲಿ, ಅವು ಹೋಗುವ ದಿಕ್ಕಿಗೇ, ನಿಧಾನಕ್ಕೆ. ಗುಂಪಿನ ಮಧ್ಯೆ ನುಗ್ಗಬಾರದು. ಈಗಾಗಲೇ ಎರಡು ದೋಣಿ ಅಲ್ಲಿದ್ದರೆ ದೂರದಲ್ಲಿ ಕಾಯಿರಿ. ಅವು ಪದೇ ಪದೇ ದಿಕ್ಕು ಬದಲಿಸಿದರೆ, ಮುಳುಗಿ ಬಹಳ ಹೊತ್ತು ಏಳದಿದ್ದರೆ, ಬಾಲದಿಂದ ನೀರಿಗೆ ಬಡಿದರೆ ಅವಕ್ಕೆ ಸಾಕಾಗಿದೆ ಎಂದು ತಿಳಿಯಿರಿ. ತಾನಾಗಿ ನಿಮ್ಮ ದೋಣಿಯ ಹತ್ತಿರ ಬಂದರೆ ಬರಲಿ, ಎಂಜಿನ್ ಮಾತ್ರ ನ್ಯೂಟ್ರಲ್‌ನಲ್ಲಿರಲಿ. ಬಿಸ್ಕೆಟ್, ಮೀನು ಏನನ್ನೂ ಎಸೆಯಬೇಡಿ.

ಜೀವದ ವಿಷಯ ಇನ್ನೂ ಮುಖ್ಯ. 2019ರ ಜನವರಿಯಲ್ಲಿ ಕೂರ್ಮಗಡದ ನರಸಿಂಹ ಜಾತ್ರೆ ಮುಗಿಸಿ ಬರುತ್ತಿದ್ದ ದೋಣಿ ಮಗುಚಿ 16 ಜನ ಸತ್ತರು. ದಡ ಕಣ್ಣಿಗೆ ಕಾಣುವಷ್ಟು ಹತ್ತಿರದ ನೀರು ಅದು. ಲೈಫ್ ಜಾಕೆಟ್ ಕೊಡದ ದೋಣಿ ಹತ್ತಬೇಡಿ. ಕೊಟ್ಟರೆ ಸೀಟಿನ ಕೆಳಗೆ ಇಡಬೇಡಿ, ಹಾಕಿಕೊಂಡು ಬಕಲ್ ಬಿಗಿಯಿರಿ. ಮಕ್ಕಳಿಗೆ ಅವರ ಅಳತೆಯದ್ದೇ ಬೇಕು. ಡಾಲ್ಫಿನ್ ಕಂಡ ಕೂಡಲೇ ಎಲ್ಲರೂ ಒಂದೇ ಬದಿಗೆ ಎದ್ದು ಓಡುತ್ತಾರೆ, ಚಿಕ್ಕ ದೋಣಿ ವಾಲುವುದು ಆಗಲೇ. ಕೂತಲ್ಲಿಂದಲೇ ನೋಡಿ.

ಸಂಪಾಜೆ ಘಾಟಿ ಇಳಿಯುವಾಗ ವಾಂತಿ ಮಾಡುವವರಿಗೆ ಒಂದು ಕಿವಿಮಾತು. ಎಂಜಿನ್ ನಿಲ್ಲಿಸಿದಾಗ ದೋಣಿ ಜಾಸ್ತಿ ತೂಗಾಡುತ್ತದೆ. ಕಾಯುವ ಪ್ರಯಾಣದಲ್ಲಿ ಹೊಟ್ಟೆ ತೊಳಸುವುದು ಹೆಚ್ಚು. ಖಾಲಿ ಹೊಟ್ಟೆಯಲ್ಲಿ ಹೋಗಬೇಡಿ, ಎರಡು ಇಡ್ಲಿ ತಿನ್ನಿ. ಫೋನ್ ನೋಡುವುದು ಬಿಟ್ಟು ದೂರದ ದಿಗಂತ ನೋಡಿ. ಮಾತ್ರೆ ಬೇಕಿದ್ದರೆ ಡಾಕ್ಟರ್ ಹತ್ತಿರ ಕೇಳಿ ಮೊದಲೇ ನುಂಗಿ. ವಾಂತಿ ಶುರುವಾದ ಮೇಲೆ ನುಂಗಿ ಪ್ರಯೋಜನವಿಲ್ಲ.

ಕಾನೂನು ಡಾಲ್ಫಿನ್ ಪರವಾಗಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿ ಡಾಲ್ಫಿನ್ ಇದೆ. ನಮ್ಮ ಹುಲಿ, ಆನೆಗೆ ಇರುವ ರಕ್ಷಣೆಯೇ ಇದಕ್ಕೂ. 2013ರಲ್ಲಿ ಕೇಂದ್ರ ಸರ್ಕಾರ ಡಾಲ್ಫಿನ್‌ಗಳನ್ನು ಕೊಳದಲ್ಲಿ ಕೂಡಿಹಾಕಿ ಆಟ ಆಡಿಸುವ ಕೇಂದ್ರಗಳಿಗೆ ಅನುಮತಿ ಕೊಡಬಾರದು ಅಂತ ರಾಜ್ಯಗಳಿಗೆ ತಿಳಿಸಿತು. ಅದು ಬಹಳ ಒಳ್ಳೆಯ ತೀರ್ಮಾನ. ಕಾಡು ಡಾಲ್ಫಿನ್ ನೋಡಬೇಕಾದರೆ ಅದರ ಮನೆಗೇ ಹೋಗಬೇಕು. ಹಾಗಿರುವಾಗ ದೋಣಿ ಪ್ರಯಾಣವನ್ನೇ ನಿಲ್ಲಿಸಿ ಅನ್ನುವವನು ನಾನಲ್ಲ. ಮಕ್ಕಳು ಒಮ್ಮೆ ಆ ಉಸಿರಿನ ಸದ್ದು ಕೇಳಲೇಬೇಕು. ಮೀನು ಕಡಿಮೆಯಾದ ಕಾಲದಲ್ಲಿ ಮೀನುಗಾರ ಕುಟುಂಬಗಳಿಗೂ ಈ ದುಡಿಮೆ ಬೇಕು. ಡಾಲ್ಫಿನ್‌ಗೆ ದೋಣಿಗಿಂತ ದೊಡ್ಡ ಕುತ್ತು ಬಲೆಯದು. ಮೀನಿನ ಕಿವಿರು ಸಿಕ್ಕಿಬೀಳುವ ತೆಳು ನೈಲಾನ್ ಬಲೆಯಲ್ಲಿ ಡಾಲ್ಫಿನ್‌ಗಳು ತೊಡರಿಕೊಂಡರೆ ಮೇಲೆ ಬಂದು ಉಸಿರಾಡಲು ಆಗದೆ ಸಾಯುತ್ತವೆ. ಯಾವ ಮೀನುಗಾರನೂ ಬೇಕಂತ ಮಾಡುವುದಲ್ಲ. ಅವನ ಬಲೆಯೂ ಹರಿದುಹೋಗುತ್ತದೆ.

ನಮ್ಮ ಪಾಲೂ ಇದೆ. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮದೆನಾಡು ಕಡೆ ಗುಡ್ಡಗಳು ಜಾರಿದಾಗ ಆ ಮಣ್ಣು, ಮರ ಎಲ್ಲ ಕೊಚ್ಚಿಕೊಂಡು ಹೊಳೆಗೆ ಇಳಿದಿದ್ದನ್ನು ನಾವು ಕಣ್ಣಾರೆ ನೋಡಿದ್ದೇವೆ. ಹೊಳೆಗೆ ಬಿದ್ದದ್ದು ಸುಳ್ಯದಲ್ಲಿ ನಿಲ್ಲುವುದಿಲ್ಲ. ಪಶ್ಚಿಮದ ಇಳಿಜಾರಿನಲ್ಲಿ ನಾವು ಎಸೆದ ಪ್ಲಾಸ್ಟಿಕ್, ತೋಟಕ್ಕೆ ಹೊಡೆದ ಔಷಧಿ, ಕಾಫಿ ಹಣ್ಣಿನ ಸಿಪ್ಪೆ ಸುಲಿದ ಪಲ್ಪಿಂಗ್ ನೀರು ಸಹ ಕೆಳಗಿನ ಅಳಿವೆಯ ಕಡೆಗೇ ಹರಿಯುತ್ತವೆ.

ಆಮೇಲೆ ಬಂದ ಪ್ರಶ್ನೆಗಳು.

ಕುಶಾಲನಗರದಿಂದ ಬಂದಿದ್ದ ಹಿರಿಯರೊಬ್ಬರು, ದುಬಾರೆ ಹತ್ತಿರ ಕಾವೇರಿಯಲ್ಲಿ ತಲೆ ಎತ್ತಿ ಮುಳುಗುವ ಪ್ರಾಣಿಗಳನ್ನು ನೋಡಿದ್ದೇನೆ, ಅವು ಡಾಲ್ಫಿನ್ನಾ ಅಂತ ಕೇಳಿದರು. ಅಲ್ಲ, ಸರ್. ಅವು ನೀರುನಾಯಿಗಳು. ಕಾವೇರಿಯಲ್ಲಿ ಡಾಲ್ಫಿನ್ ಇಲ್ಲ. ಭಾರತದಲ್ಲಿ ಹೊಳೆಯ ಡಾಲ್ಫಿನ್ ಇರುವುದು ಗಂಗಾ, ಬ್ರಹ್ಮಪುತ್ರ ಮತ್ತು ಅವುಗಳ ಉಪನದಿಗಳಲ್ಲಿ, ಜೊತೆಗೆ ಪಂಜಾಬಿನ ಬಿಯಾಸ್ ನದಿಯಲ್ಲಿ ಬೆರಳೆಣಿಕೆಯಷ್ಟು. 2025ರ ಮಾರ್ಚ್‌ನಲ್ಲಿ ಪ್ರಕಟವಾದ ಗಣತಿಯಲ್ಲಿ ಒಟ್ಟು 6,327 ಅಂತ ಅಂದಾಜು ಬಂತು. ಬಿಯಾಸ್‌ನಲ್ಲಿ ಸಿಕ್ಕಿದ್ದು ಮೂರೇ ಮೂರು. ಗಂಗೆಯ ಡಾಲ್ಫಿನ್ ನಮ್ಮ ರಾಷ್ಟ್ರೀಯ ಜಲಚರ. ಅದಕ್ಕೆ ಕಣ್ಣು ಹೆಚ್ಚು ಕಡಿಮೆ ಕಾಣುವುದೇ ಇಲ್ಲ, ಬದುಕೆಲ್ಲ ಸದ್ದಿನ ಮೇಲೆಯೇ.

ಮಳೆಗಾಲದಲ್ಲಿ ಹೋಗಬಹುದಾ ಅಂತ ಒಬ್ಬ ಯುವಕ ಕೇಳಿದರು. ಬೇಡ. ಜೂನ್ 1ರಿಂದ ಜುಲೈ 31ರವರೆಗೆ ಯಂತ್ರದ ದೋಣಿಗಳ ಮೀನುಗಾರಿಕೆಯೇ ನಿಷೇಧ. ಕಡಲು ಕೆರಳಿರುತ್ತದೆ. ನೀರಿಗೆ ಇಳಿದು ಡಾಲ್ಫಿನ್ ಜೊತೆ ಈಜಬಹುದಾ ಅಂತಲೂ ಕೇಳಿದರು. ಅದೂ ಬೇಡ. ಅದು ಕಾಡುಪ್ರಾಣಿ.

ಕೊನೆಯ ಪ್ರಶ್ನೆ ವಿರಾಜಪೇಟೆಯ ಶಿಕ್ಷಕಿಯೊಬ್ಬರದು. ದಡಕ್ಕೆ ಬಂದು ಬಿದ್ದ ಡಾಲ್ಫಿನ್ ಕಂಡರೆ ಏನು ಮಾಡಬೇಕು? ಬಾಲ ಹಿಡಿದು ಎಳೆದು ನೀರಿಗೆ ತಳ್ಳಬೇಡಿ, ಮೂಳೆ ಸರಿಯುತ್ತದೆ. ಮೊದಲು ಅರಣ್ಯ ಇಲಾಖೆಗೋ ಹತ್ತಿರದ ಪೊಲೀಸರಿಗೋ ಫೋನ್ ಮಾಡಿ. ಉಸಿರಾಡುತ್ತಿದ್ದರೆ ಹೊಟ್ಟೆ ಕೆಳಗೆ ಬರುವ ಹಾಗೆ ನೇರವಾಗಿರಲಿ. ಒದ್ದೆ ಬಟ್ಟೆ ಹೊದಿಸಿ, ನೆರಳು ಮಾಡಿ, ಮೈಗೆ ನೀರು ಹಾಕುತ್ತಿರಿ. ನೆತ್ತಿಯ ಮೇಲೆ ಒಂದು ತೂತಿದೆ, ಅದೇ ಅದರ ಮೂಗು. ಅಲ್ಲಿಗೆ ನೀರಾಗಲಿ, ಮರಳಾಗಲಿ, ಬಟ್ಟೆಯಾಗಲಿ ಹೋಗಬಾರದು. ಜನರನ್ನು, ನಾಯಿಗಳನ್ನು ದೂರ ಇಡಿ. ಸತ್ತಿದ್ದರೆ ಮುಟ್ಟಬೇಡಿ, ಸುದ್ದಿ ಮಾತ್ರ ತಪ್ಪದೆ ಮುಟ್ಟಿಸಿ. ಯಾಕೆ ಸತ್ತಿತು ಅಂತ ನೋಡುವವರಿಗೆ ಆ ದೇಹವೂ ಬೇಕಾಗುತ್ತದೆ.